ಸಾರಾಂಶದ ಋಣ

ವೈದ್ಯಕೀಯ ಪತ್ರಿಕೆಗಳ ಯಾವ ಲೇಖನವನ್ನು ತೆರೆದರೂ ಅದರ ತಲೆಯ ಮೇಲೆ ಒಂದು ಸಣ್ಣ ಸಾರಾಂಶವಿರುತ್ತದೆ. ಹೆಚ್ಚೆಂದರೆ ಇನ್ನೂರೈವತ್ತು, ಮುನ್ನೂರು ಪದಗಳು. ವರ್ಷಗಟ್ಟಲೆ ನಡೆದ ಕೆಲಸ, ನೂರಾರು ರೋಗಿಗಳ ರಕ್ತ, ಹತ್ತಾರು ಕೋಷ್ಟಕಗಳು, ಎಲ್ಲವೂ ಅಷ್ಟರಲ್ಲಿ ಅಡಗಬೇಕು. ಓದುವವರಲ್ಲಿ ಹೆಚ್ಚಿನವರು ಅಷ್ಟನ್ನೇ ಓದಿ ಪುಟ ತಿರುವುತ್ತಾರೆ. ಅವರನ್ನು ದೂಷಿಸುವಂತಿಲ್ಲ. ಹೊರಗೆ ಬೆಂಚಿನ ಮೇಲೆ ನಲವತ್ತು ಜನ ಕಾದು ಕುಳಿತಿರುವಾಗ ಯಾವ ಡಾಕ್ಟರು ತಾನೆ ಹನ್ನೆರಡು ಪುಟ ಓದಿಯಾರು? ಹಾಗಾಗಿ ಲೋಕದಲ್ಲಿ ಓಡಾಡುವುದು ಲೇಖನವಲ್ಲ, ಅದರ ಸಾರಾಂಶ. ಹಾಗಾದರೆ ಆ ಸಾರಾಂಶವನ್ನು ಬರೆಯುವವನು ಯಾರಿಗೆ ಋಣಿ? ಸಂಪಾದಕನಿಗೋ, ಓದುವ ವೈದ್ಯನಿಗೋ, ಅಥವಾ ಯಾರ ರಕ್ತ ಆ ಅಂಕೆಯೊಳಗೆ ಸೇರಿಹೋಗಿದೆಯೋ ಅವರಿಗೋ?

ನಾನು ವೈದ್ಯನಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾಗಿ ಇತ್ತಲಾರಿನಲ್ಲಿ ಇರುವವನು. ಈ ಪ್ರಶ್ನೆ ನನ್ನ ಮನೆಬಾಗಿಲಿಗೆ ಬಂದದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಪರಿಚಯದ ಡಾಕ್ಟರೊಬ್ಬರು ಕೆಲವು ಹಾಳೆಗಳನ್ನು ತಂದುಕೊಟ್ಟರು. ಬೆಟ್ಟದ ಕೆಳಗೆ, ಮಸಿನಗುಡಿಯ ಕಡೆಯ ಹಾಡಿಗಳಲ್ಲಿ ಕುಡುಗೋಲು ಕಣ ರೋಗಕ್ಕಾಗಿ ರಕ್ತ ತಪಾಸಣೆ ನಡೆದಿತ್ತು. ಅಲ್ಲಿ ಕನ್ನಡ ಬಲ್ಲವರು ಬಹಳ. ಇಂಗ್ಲಿಷಿನಲ್ಲಿದ್ದ ವರದಿಯ ಮುಖ್ಯಾಂಶಗಳನ್ನೂ, ಒಬ್ಬೊಬ್ಬರ ಕೈಗೆ ಕೊಡುವ ಚೀಟಿಯ ಒಕ್ಕಣೆಯನ್ನೂ ಕನ್ನಡಕ್ಕೆ ತರಬೇಕಿತ್ತು. "ಚಿಕ್ಕದಾಗಿರಲಿ ಮೇಷ್ಟ್ರೇ, ಒಂದೇ ಸಾಲು ಸಾಕು" ಎಂದರು. ಇಂಗ್ಲಿಷಿನಲ್ಲಿ 'ಸಿಕಲ್ ಸೆಲ್ ಟ್ರೇಟ್' ಎಂದಿತ್ತು. ನಿಘಂಟು ನೋಡಿದೆ. 'ಟ್ರೇಟ್' ಎಂದರೆ ಲಕ್ಷಣ. 'ನಿಮ್ಮ ರಕ್ತದಲ್ಲಿ ಕುಡುಗೋಲು ಕಣದ ಲಕ್ಷಣ ಇದೆ' ಎಂದು ಬರೆದುಕೊಟ್ಟೆ. ಅಚ್ಚುಕಟ್ಟಾದ ವಾಕ್ಯವೆಂದು ನನಗೆ ನಾನೇ ಮೆಚ್ಚಿಕೊಂಡೆ.

ಮರುವರ್ಷ ಕ್ಯಾರೆಟ್ ಕೊಯ್ಲಿನ ಕೂಲಿಗೆ ಕೆಳಗಿನಿಂದ ಬಂದವರಲ್ಲಿ ಒಬ್ಬರು ನನ್ನನ್ನು ವಿಚಾರಿಸಿಕೊಂಡು ಮನೆಗೆ ಬಂದರು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಚೀಟಿಯನ್ನು ತೆಗೆದರು.

"ಮೇಷ್ಟ್ರೇ, ಇದನ್ನು ಬರೆದವರು ನೀವೇ ಅಂತೆ. ನನ್ನ ಮಗಳಿಗೆ ಲಕ್ಷಣ ಇದೆ ಅಂತ ಉಂಟು. ಅವಳಿಗೆ ಜ್ವರ ಇಲ್ಲ, ನೋವಿಲ್ಲ, ಸುಸ್ತೂ ಇಲ್ಲ. ಯಾವ ಲಕ್ಷಣ?"

ಮಗಳಿಗೆ ಗೊತ್ತುಮಾಡಿದ್ದ ಸಂಬಂಧ ಆ ಚೀಟಿಯಿಂದ ಮುರಿದುಬಿದ್ದಿತ್ತು. ಗಂಡಿನ ಕಡೆಯವರು ಓದಿಸಿ ಕೇಳಿ, 'ರೋಗದ ಲಕ್ಷಣ ಕಾಣಿಸಿಕೊಂಡಿದೆ' ಎಂದು ಅರ್ಥಮಾಡಿಕೊಂಡಿದ್ದರು. ಅವರ ತಪ್ಪೇನೂ ಇಲ್ಲ. ಕನ್ನಡದಲ್ಲಿ ಲಕ್ಷಣವೆಂದರೆ ಹಾಗೆಯೇ. ಜ್ವರದ ಲಕ್ಷಣ, ಮಳೆಯ ಲಕ್ಷಣ ಎನ್ನುತ್ತೇವೆ. ಬಂದಿರುವುದರ ಅಥವಾ ಬರಲಿರುವುದರ ಗುರುತು ಅದು. ಇಂಗ್ಲಿಷಿನ ಆ ಮಾತಿಗೆ ಇದ್ದದ್ದು ತದ್ವಿರುದ್ಧವಾದ ಅರ್ಥ. ರೋಗವಿಲ್ಲದೆ, ರೋಗದ ಒಂದು ಪಾಲನ್ನು ಮಾತ್ರ ಹೊತ್ತಿರುವ ಸ್ಥಿತಿ ಅದು. 'ನಿಮಗೆ ರೋಗವಿಲ್ಲ' ಎಂದು ಹೇಳಬೇಕಾಗಿದ್ದ ಚೀಟಿ, ನನ್ನ ಕೈಯಲ್ಲಿ 'ನಿಮಗೆ ರೋಗವಿದೆ' ಎಂದು ಹೇಳಿತ್ತು.

ಆ ದಿನದಿಂದ ಸಾರಾಂಶಗಳನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. ಡಾಕ್ಟರರಿಂದ ಹಳೆಯ ಪತ್ರಿಕೆಗಳನ್ನೂ ಪ್ರತಿಗಳನ್ನೂ ಕೇಳಿ ತರಿಸಿಕೊಂಡೆ. ಕುಡುಗೋಲು ಕಣದ ಚರಿತ್ರೆಯೇ ಈ ಪ್ರಶ್ನೆಗೆ ಒಂದು ಪಾಠಶಾಲೆಯಂತಿದೆ.

ಮೊದಲನೆಯ ಪಾಠ ಷಿಕಾಗೋ ನಗರದ್ದು. ಕೆರಿಬಿಯನ್ ಸಮುದ್ರದ ಗ್ರೆನಾಡ ದ್ವೀಪದಿಂದ ದಂತವೈದ್ಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ತರುಣ 1904ರಲ್ಲಿ ಅಲ್ಲಿನ ಆಸ್ಪತ್ರೆಗೆ ಸೇರಿದ. ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡಗಿರಬೇಕಾದ ಕೆಂಪುಕಣಗಳು ಕುಡುಗೋಲಿನಂತೆ ಬಾಗಿದ್ದವು. ಹಿರಿಯರಾದ ಜೇಮ್ಸ್ ಹೆರಿಕ್ 1910ರಲ್ಲಿ ಅದನ್ನು ಪ್ರಕಟಿಸಿದರು. ಲೇಖನದ ಹೆಸರಿನಲ್ಲಿ ಹೊಸ ರೋಗವನ್ನು ಕಂಡುಹಿಡಿದೆವೆಂಬ ಘೋಷಣೆಯಿಲ್ಲ. ತೀವ್ರ ರಕ್ತಹೀನತೆಯ ಒಬ್ಬ ರೋಗಿಯಲ್ಲಿ ವಿಚಿತ್ರವಾದ, ಕುಡುಗೋಲಿನಾಕಾರದ ಕಣಗಳು ಕಂಡವು ಎಂದಷ್ಟೇ ಇದೆ. ಇದು ಒಂದು ಹೊಸ ರೋಗವೇ, ರಕ್ತದಲ್ಲಿ ಯಾವುದೋ ರಾಸಾಯನಿಕ ಬದಲಾವಣೆಯೇ ಎಂಬುದಕ್ಕೆ ತನ್ನ ಬಳಿ ಉತ್ತರವಿಲ್ಲವೆಂದೂ, ಮುಂದೆ ಇಂಥದೇ ಇನ್ನೊಂದು ಪ್ರಸಂಗ ಸಿಕ್ಕರೆ ಹೋಲಿಸಿ ನೋಡಲು ಅನುಕೂಲವಾಗಲೆಂದು ಅನಗತ್ಯವೆನಿಸುವ ವಿವರಗಳನ್ನೂ ಕೊಟ್ಟಿರುವೆನೆಂದೂ ಹೆರಿಕ್ ಒಪ್ಪಿಕೊಂಡರು. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಇಡುವ ಈ ಶಿಸ್ತು ನೋಡಲು ಸುಲಭ, ಪಾಲಿಸಲು ಕಷ್ಟ.

ಎರಡನೆಯ ಪಾಠ ನಮ್ಮ ಬೆಟ್ಟದ್ದೇ. ಭಾರತದಲ್ಲಿ ಕುಡುಗೋಲು ಕಣದ ಮೊದಲ ವರದಿಗಳಲ್ಲಿ ಒಂದು ನೀಲಗಿರಿಯಿಂದ ಹೋಯಿತು. ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಶ್ ಇಲ್ಲಿನ ಬುಡಕಟ್ಟು ಜನರ ರಕ್ತವನ್ನು ಪರೀಕ್ಷಿಸಿ 1952ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಆಫ್ರಿಕದವರಲ್ಲಿ ಹೆಚ್ಚಾಗಿ ಕಾಣುತ್ತದೆಂದು ತಿಳಿದಿದ್ದ ಸಂಗತಿ ದಕ್ಷಿಣ ಭಾರತದ ಕಾಡುಗಳಲ್ಲಿ ಕಂಡದ್ದು ದೊಡ್ಡ ಸುದ್ದಿಯಾಯಿತು. ಅವರು ಕಂಡದ್ದು ಸತ್ಯ. ಅದು ಇಂದಿಗೂ ನಿಂತಿದೆ. ಆದರೆ ಕಂಡದ್ದರ ಜೊತೆಗೆ ಅವರು ಒಂದು ವ್ಯಾಖ್ಯಾನವನ್ನೂ ಸೇರಿಸಿದರು. ಆ ಕಾಲದ ಮಾನವಶಾಸ್ತ್ರ 'ವೆಡ್ಡಾಯ್ಡ್' ಎಂದು ಕರೆಯುತ್ತಿದ್ದ ಪುರಾತನ ಜನಾಂಗದೊಂದಿಗೆ ಈ ಗುಣಕ್ಕೆ ನಂಟಿದೆ ಎಂದರು.

ಎರಡೇ ವರ್ಷಗಳಲ್ಲಿ, 1954ರಲ್ಲಿ, ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ನಡೆಸಿದ ಕೆಲಸದಿಂದ ಬೇರೊಂದು ಸಂಗತಿ ತಿಳಿಯಿತು. ಕುಡುಗೋಲು ಕಣದ ಒಂದು ಪಾಲನ್ನು ಹೊತ್ತವರಿಗೆ ತೀವ್ರ ಮಲೇರಿಯದಿಂದ ಒಂದು ಮಟ್ಟದ ರಕ್ಷಣೆ ಸಿಗುತ್ತದೆ. ಆದ್ದರಿಂದ ಮಲೇರಿಯ ಬೀಡುಬಿಟ್ಟ ನಾಡುಗಳಲ್ಲಿ ಆ ಗುಣ ತಲೆಮಾರುಗಳ ಮೂಲಕ ಉಳಿದುಕೊಂಡು ಬಂದಿದೆ. ವಯನಾಡು, ಗೂಡಲೂರು, ಸೀಗೂರು ಕಡೆಯ ಹಳೆಯ ಮಲೇರಿಯವನ್ನು ಕೇಳಿ ಬಲ್ಲವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಆಮೇಲೆ 1986ರಲ್ಲಿ ವಂಶವಾಹಿಗಳ ಸುತ್ತಲಿನ ಗುರುತುಗಳನ್ನು ಹೋಲಿಸಿದವರು, ಏಷ್ಯದಲ್ಲಿ ಈ ಮಾರ್ಪಾಡು ಪ್ರತ್ಯೇಕವಾಗಿ ಹುಟ್ಟಿತೆಂದು ತೀರ್ಮಾನಿಸಿದರು. 2018ರಲ್ಲಿ ಪೂರ್ಣ ಜೀನೋಮ್‌ಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನ, ಎಲ್ಲಕ್ಕೂ ಮೂಲ ಆಫ್ರಿಕದಲ್ಲಿ ಒಂದೇ, ಸುಮಾರು 7,300 ವರ್ಷಗಳ ಹಿಂದೆ, ಎಂದಿತು.

ಗಮನಿಸಿ: ತೀರ್ಮಾನ ಮತ್ತೆ ಮತ್ತೆ ಬದಲಾಯಿತು. ನೀಲಗಿರಿಯಲ್ಲಿ ಕಂಡದ್ದು ಮಾತ್ರ ಬದಲಾಗಲಿಲ್ಲ. ಆದರೆ ಸಾರಾಂಶವೆಂಬುದು ಕಂಡದ್ದನ್ನೂ ತೀರ್ಮಾನವನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ದೂರದಿಂದ ನೋಡುವವನಿಗೆ ಎರಡರ ಬೆಲೆಯೂ ಒಂದೇ ಎನಿಸುತ್ತದೆ. ನನ್ನನ್ನು ಹೆಚ್ಚು ಕಾಡುವ ಮಾತು ಬೇರೆಯಿದೆ. ಎಲ್ಲಿಂದ ಬಂದಿರಿ, ಯಾವ ಜನಾಂಗದವರು ಎಂಬ ಪ್ರಶ್ನೆ ವಿದ್ವಾಂಸರದು. ರಕ್ತ ಕೊಟ್ಟವರ ಪ್ರಶ್ನೆ ಅದಲ್ಲ. 'ನನ್ನ ಮಗುವಿಗೆ ಕೈಕಾಲು ನೋವು ಯಾಕೆ ಬರುತ್ತದೆ, ಮುಂದಿನ ಮಗುವಿಗೂ ಬರುವುದೇ' ಎಂಬುದು ಅವರ ಪ್ರಶ್ನೆ. ಸಾರಾಂಶ ಯಾರ ಪ್ರಶ್ನೆಗೆ ಉತ್ತರವಾಗಿದೆ ಎಂದು ನೋಡಿದರೆ ಬರೆದವನು ಯಾರನ್ನು ಓದುಗನೆಂದು ಭಾವಿಸಿದ್ದಾನೆ ಎಂಬುದು ತಿಳಿಯುತ್ತದೆ.

ವೈದ್ಯಕೀಯ ಪತ್ರಿಕೆಗಳಿಗೆ ಈ ತೊಡಕು ತಿಳಿಯದೆ ಇಲ್ಲ. ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂದು ಬೇರೆಬೇರೆ ತಲೆಬರಹಗಳ ಕೆಳಗೆ ಸಾರಾಂಶವನ್ನು ಬರೆಯಬೇಕೆಂಬ ಸಲಹೆ 1987ರಲ್ಲಿ ಬಂತು. ಪತ್ರಿಕೆಗಳು ಒಂದೊಂದಾಗಿ ಅದನ್ನು ಅನುಸರಿಸಿದವು. ಒಳ್ಳೆಯ ಕಟ್ಟು. ಆದರೆ ಕಟ್ಟು ಸರಿಯಿದ್ದ ಮಾತ್ರಕ್ಕೆ ಒಳಗಿನದು ಸರಿಯಿರಬೇಕೆಂದೇನೂ ಇಲ್ಲ. 1999ರಲ್ಲಿ ಪಿಟ್ಕಿನ್ ಮತ್ತು ಸಂಗಡಿಗರು ಆರು ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಾರಾಂಶಗಳನ್ನು ಮೂಲ ಲೇಖನದೊಂದಿಗೆ ಹೋಲಿಸಿದರು. ಸಾರಾಂಶದ ಅಂಕೆ ಲೇಖನದೊಳಗಿನ ಅಂಕೆಗೆ ಹೊಂದದಿರುವುದು, ಅಥವಾ ಲೇಖನದಲ್ಲಿ ಇಲ್ಲದೇ ಇರುವುದು, ಇಂಥ ದೋಷಗಳು ಪತ್ರಿಕೆಯಿಂದ ಪತ್ರಿಕೆಗೆ ನೂರಕ್ಕೆ 18ರಿಂದ 68ರವರೆಗೆ ಇದ್ದವು. 2010ರಲ್ಲಿ ಇಸಬೆಲ್ ಬುಟ್ರೋನ್ ಮತ್ತು ಸಂಗಡಿಗರು, ಮುಖ್ಯ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣದ 72 ಪ್ರಯೋಗಗಳ ವರದಿಗಳನ್ನು ಓದಿದರು. ಅವುಗಳಲ್ಲಿ ನೂರಕ್ಕೆ 58ರಷ್ಟು ವರದಿಗಳ ಸಾರಾಂಶದ ತೀರ್ಮಾನದಲ್ಲಿ, ಚಿಕಿತ್ಸೆಯಿಂದ ಲಾಭವಿದೆ ಎಂದು ಓದುಗನಿಗೆ ಅನಿಸುವಂಥ ಮಾತಿನ ತಿರುವು ಇತ್ತು. ಇದು ಸುಳ್ಳೆಂದು ಹೇಳಲಾಗದು. ವರ ನೋಡಲು ಬಂದವರ ಎದುರು ಹುಡುಗಿಯ ಒಳ್ಳೆಯ ಗುಣಗಳನ್ನು ಮಾತ್ರ ಎಣಿಸಿ ಹೇಳುವ ಸೋದರಮಾವನ ಮಾತಿನಂತೆ ಅದು.

ಒಂದೇ ಪದ ಬಿಟ್ಟುಹೋದರೆ ಏನಾಗಬಹುದೆಂಬುದಕ್ಕೆ ದೊಡ್ಡ ದೃಷ್ಟಾಂತ ಅಮೆರಿಕದ್ದು. 1980ರಲ್ಲಿ ಪೋರ್ಟರ್ ಮತ್ತು ಜಿಕ್ ಎಂಬಿಬ್ಬರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ಗೆ ಐದು ವಾಕ್ಯಗಳ ಒಂದು ಪತ್ರ ಬರೆದರು. ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದಾಗ ಅಫೀಮಿನ ಜಾತಿಯ ನೋವುನಿವಾರಕ ಪಡೆದ 11,882 ಜನರಲ್ಲಿ, ಮೊದಲು ಚಟವಿಲ್ಲದಿದ್ದು ಆಮೇಲೆ ಚಟ ಹಿಡಿದವರು ನಾಲ್ವರೇ ಎಂಬುದು ಅದರ ಸಾರ. ತನ್ನ ಮಿತಿಯಲ್ಲಿ ಪತ್ರ ಪ್ರಾಮಾಣಿಕವಾಗಿತ್ತು. ಆದರೆ ಮುಂದಿನ ಲೇಖಕರು ಅದನ್ನು ಒಂದು ಸಾಲಿಗೆ ಇಳಿಸಿದರು: ಈ ಔಷಧಿಗಳಿಂದ ಚಟ ಹತ್ತುವುದು ಅಪರೂಪ. 2017ರಲ್ಲಿ ಲೆಕ್ಕ ಹಾಕಿದಾಗ ಆ ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು. ನೂರಕ್ಕೆ 80ಕ್ಕೂ ಹೆಚ್ಚು ಕಡೆ, ಆ ರೋಗಿಗಳು ಆಸ್ಪತ್ರೆಯೊಳಗೆ ಇದ್ದವರು ಎಂಬ ಮಾತೇ ಇರಲಿಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರಿಗೂ ಅದೇ ಸಾಲು ಅಭಯಪತ್ರವಾಯಿತು. ಆ ದೇಶವನ್ನು ಆಮೇಲೆ ಆವರಿಸಿದ ಚಟದ ಮಾರಿಗೆ ಕಾರಣಗಳು ಹಲವು; ಔಷಧ ಮಾರುವವರ ಪಾಲು ದೊಡ್ಡದು. ಆದರೂ 'ಆಸ್ಪತ್ರೆಯಲ್ಲಿದ್ದ' ಎಂಬ ಆ ಒಂದು ಮಾತಿನ ಲೋಪವೂ ಅದರೊಳಗೆ ಸೇರಿದೆ.

ಶೇಕಡಾವಾರು ಲೆಕ್ಕವೂ ಹೀಗೆಯೇ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆಂಬ ಎಚ್ಚರಿಕೆ ಹೊರಟಿತು. ಮಾತು ಸುಳ್ಳಲ್ಲ. ಏಳು ಸಾವಿರಕ್ಕೆ ಸುಮಾರು ಒಬ್ಬರಿದ್ದದ್ದು ಇಬ್ಬರಾಗುತ್ತಿತ್ತು. ಆದರೆ ಹೆಂಗಸರ ಕಿವಿಗೆ ಬಿದ್ದದ್ದು 'ಎರಡು ಪಟ್ಟು' ಮಾತ್ರ. ಅನೇಕರು ಗುಳಿಗೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸಾವಿರಗಟ್ಟಲೆ ಹೆಚ್ಚಿದವು.

ಹಾಗೆಂದು ಒಳ್ಳೆಯ ಸಾರಾಂಶ ಅಸಾಧ್ಯವೆಂದಲ್ಲ. ಕುಡುಗೋಲು ಕಣ ರೋಗಿಗಳಿಗೆ ಹೈಡ್ರಾಕ್ಸಿಯೂರಿಯ ಕೊಟ್ಟು ನೋಡಿದ ಅಮೆರಿಕದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. 299 ಜನ ವಯಸ್ಕ ರೋಗಿಗಳು. ನೋವಿನ ಬೇನೆ ಮೇಲಿಂದ ಮೇಲೆ ಬರುತ್ತಿದ್ದವರು. ಅವರಲ್ಲಿ ನಿಜವಾದ ಔಷಧಿ ಪಡೆದವರಿಗೆ ವರ್ಷಕ್ಕೆ ಮಧ್ಯಸ್ಥ ಲೆಕ್ಕದಲ್ಲಿ 2.5 ಸಲ, ಬರಿಯ ಗುಳಿಗೆ ಪಡೆದವರಿಗೆ 4.5 ಸಲ ಬೇನೆ ಬಂತು. 'ನೂರಕ್ಕೆ 44ರಷ್ಟು ಇಳಿಕೆ' ಎಂದು ಹೇಳಿ ನಿಲ್ಲಿಸಬಹುದಿತ್ತು. ಅವರು ಎರಡು ಅಂಕೆಗಳನ್ನೂ ಇಟ್ಟರು. ಗುಣ ಕಾಣಲು ತಿಂಗಳುಗಳು ಹಿಡಿಯುತ್ತವೆ, ಎಚ್ಚರದಿಂದ ನೋಡಿಕೊಳ್ಳಬೇಕು, ದೀರ್ಘಕಾಲದ ಸುರಕ್ಷಿತತೆ ಇನ್ನೂ ಖಚಿತವಿಲ್ಲ ಎಂಬುದನ್ನೂ ಸಾರಾಂಶದೊಳಗೇ ಹೇಳಿದರು. ಓದಿದ ವೈದ್ಯನಿಗೆ ಧೈರ್ಯವೂ ಬರುತ್ತದೆ, ಎಚ್ಚರವೂ ಉಳಿಯುತ್ತದೆ. ಸ್ಪಷ್ಟತೆಗೂ ಸತ್ಯಕ್ಕೂ ಜಗಳವಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇದನ್ನೆಲ್ಲ ಆ ಡಾಕ್ಟರೊಂದಿಗೆ ಚರ್ಚಿಸಿದೆ. ಅವರು ಸುಲಭಕ್ಕೆ ಒಪ್ಪುವವರಲ್ಲ. "ಎಲ್ಲ ಎಚ್ಚರಿಕೆಯನ್ನೂ ಹಾಕುತ್ತ ಹೋದರೆ ಸಾರಾಂಶ ಲೇಖನದಷ್ಟೇ ಉದ್ದವಾಗುತ್ತದೆ, ಮೇಷ್ಟ್ರೇ. 'ಇರಬಹುದು', 'ಸಾಧ್ಯತೆಯಿದೆ' ಎಂದು ಹತ್ತು ಸಲ ಬರೆದವನು ಏನನ್ನೂ ಹೇಳಿರುವುದಿಲ್ಲ. ರೋಗಿ ಮುಂದೆ ಕೂತಿದ್ದಾನೆ. ಕೊಡಲೋ ಬೇಡವೋ, ನನಗೆ ಅಷ್ಟು ಬೇಕು" ಎಂದರು.

ಅವರ ಮಾತಿನಲ್ಲಿ ನ್ಯಾಯವಿದೆ. ಸಂದೇಹಗಳ ರಾಶಿಯ ಹಿಂದೆ ಅಡಗಿ ಕುಳಿತುಕೊಳ್ಳುವುದೂ ಒಂದು ಅಪ್ರಾಮಾಣಿಕತೆಯೇ. ತಪ್ಪಾದರೆ ನನ್ನನ್ನು ಯಾರೂ ಹಿಡಿಯದಿರಲಿ ಎಂಬ ಸ್ವರಕ್ಷಣೆ ಅದು. ಸೂತ್ರ ಬರೆದ ನಮ್ಮ ಹಿರಿಯರೂ ಮಾತನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿದರು. ಆದರೆ ಸೂತ್ರದ ಪಕ್ಕದಲ್ಲಿ ಭಾಷ್ಯವಿರುತ್ತದೆ, ಭಾಷ್ಯ ಹೇಳಿಕೊಡುವ ಗುರು ಇರುತ್ತಾನೆ ಎಂಬ ನಂಬಿಕೆ ಅವರಿಗಿತ್ತು. ಇಂದಿನ ಸಾರಾಂಶ ಒಂಟಿಯಾಗಿ ಹೊರಡುತ್ತದೆ. ಪತ್ರಿಕೆಯಿಂದ ದಿನಪತ್ರಿಕೆಗೆ, ಅಲ್ಲಿಂದ ಚೀಟಿಗೆ, ಚೀಟಿಯಿಂದ ಬಾಯಿಮಾತಿಗೆ. ಹಿಂದೆ ಯಾರೂ ಬರುವುದಿಲ್ಲ.

ಹಾಗಾದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಬಹಳ ದಿನ ಯೋಚಿಸಿ ನಾನು ಒಂದು ಅಳತೆಗೆ ಬಂದಿದ್ದೇನೆ. ಈ ಪದವನ್ನು ಕಿತ್ತುಹಾಕಿದರೆ, ಓದಿದವನು ಇನ್ನೊಬ್ಬ ಮನುಷ್ಯನೊಂದಿಗೆ ಬೇರೆ ರೀತಿ ನಡೆದುಕೊಳ್ಳುತ್ತಾನೆಯೇ? ಔಷಧಿ ಕೊಡುತ್ತಾನೆಯೇ, ನಿಲ್ಲಿಸುತ್ತಾನೆಯೇ, ಸಂಬಂಧ ಮುರಿಯುತ್ತಾನೆಯೇ? ಹೌದಾದರೆ ಆ ಪದಕ್ಕೆ ಜಾಗ ಕೊಡಲೇಬೇಕು. ಬೇರೆ ಏನನ್ನಾದರೂ ಬಿಡೋಣ. ಇಲ್ಲವಾದರೆ ಎಷ್ಟು ಸುಂದರವಾದ ಮಾತಾದರೂ ಹೋಗಲಿ. ಈ ಅಳತೆಯಲ್ಲಿ ತೂಗಿದರೆ ಉಳಿಯುವುದು ಕೆಲವೇ: ಯಾರಲ್ಲಿ ನೋಡಿದೆವು, ಎಷ್ಟು ಜನರಲ್ಲಿ ಎಷ್ಟು ಜನಕ್ಕೆ, ಯಾವುದಕ್ಕೆ ಹೋಲಿಸಿ, ಯಾವುದು ಇನ್ನೂ ತಿಳಿದಿಲ್ಲ. ಡಾಕ್ಟರರ ಐದು ನಿಮಿಷಕ್ಕೆ ಇದು ಭಾರವಲ್ಲ.

ಚೀಟಿಯನ್ನು ತಿದ್ದಿ ಬರೆಯಲು ಕುಳಿತಾಗ ಇದರ ಕಷ್ಟ ತಿಳಿಯಿತು. 'ಲಕ್ಷಣ' ಹೋಗಲಿ, 'ವಾಹಕ' ಎನ್ನೋಣವೆಂದರೆ ಅದಕ್ಕೂ ಒಂದು ಮುಳ್ಳಿದೆ. ಸೊಳ್ಳೆಯನ್ನು ರೋಗವಾಹಕವೆಂದು ಪಠ್ಯದಲ್ಲಿ ಕಲಿಸಿದವನು ನಾನೇ. ಹೆಣ್ಣುಮಗಳ ಚೀಟಿಯಲ್ಲಿ ಆ ಪದ ಇಟ್ಟರೆ, ಅವಳ ಹತ್ತಿರ ಕುಳಿತವರಿಗೂ ರೋಗ ಹರಡುತ್ತದೆಂದು ತಿಳಿದಾರು. ಕೊನೆಗೆ ಪಾರಿಭಾಷಿಕ ಪದವನ್ನೇ ಬಿಟ್ಟೆವು. ಡಾಕ್ಟರು ಹೇಳಿದರು, ನಾನು ಬರೆದೆ. ಹೊಸ ಒಕ್ಕಣೆ ಹೀಗಾಯಿತು:

ನಿಮಗೆ ಈ ರೋಗವಿಲ್ಲ. ಇದು ಮುಟ್ಟಿದರೆ ಹರಡುವುದೂ ಅಲ್ಲ. ರಕ್ತದ ಈ ಗುಣ ಪ್ರತಿಯೊಬ್ಬರಿಗೂ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತದೆ. ನಿಮ್ಮಲ್ಲಿ ಒಂದು ಪಾಲು ಮಾತ್ರ ಬದಲಾಗಿದೆ. ಮದುವೆಯಾಗುವವರ ರಕ್ತದಲ್ಲಿ ಇಂಥ ಯಾವ ಬದಲಾವಣೆಯೂ ಇಲ್ಲದಿದ್ದರೆ ನಿಮ್ಮ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆ ಇರುತ್ತದೆ. ಆದ್ದರಿಂದ ಮೊದಲೇ ಇಬ್ಬರೂ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ.

'ಪ್ರತಿ ಬಸಿರಿನಲ್ಲೂ' ಎಂಬ ಮಾತಿಗಾಗಿ ಡಾಕ್ಟರು ಹಟ ಹಿಡಿದರು. 'ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ' ಎಂದು ನಾನು ಬರೆದಿದ್ದೆ. ಹಾಗೆ ಬರೆದರೆ, ಮೊದಲ ಮಗುವಿಗೆ ರೋಗ ಬಂದವರು ಇನ್ನು ಮೂರು ಮಕ್ಕಳಿಗೆ ಭಯವಿಲ್ಲವೆಂದು ತಿಳಿಯುತ್ತಾರೆ ಎಂದರು. ನನ್ನ ಅಳತೆಯನ್ನು ನನಗೇ ಪ್ರಯೋಗಿಸಿದ್ದರು. ಇನ್ನೊಂದು ಮಾತನ್ನೂ ಸೇರಿಸಿದರು. ಹಾಡಿಯಲ್ಲಿ ಮೊದಲು ಮಾಡುವ ಕರಗುವಿಕೆಯ ಪರೀಕ್ಷೆ, ಒಂದು ಪಾಲು ಬದಲಾದವರನ್ನೂ ಎರಡೂ ಪಾಲು ಬದಲಾಗಿ ರೋಗವಿರುವವರನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಅದಕ್ಕೆ ಎರಡನೆಯ ಪರೀಕ್ಷೆ ಬೇಕು. ಅದಾಗುವವರೆಗೆ ಯಾರ ಕೈಗೂ ಚೀಟಿ ಕೊಡಬಾರದೆಂದು ನಿರ್ಧಾರವಾಯಿತು.

2023ರ ಜುಲೈ 1ರಂದು ಕುಡುಗೋಲು ಕಣ ರೋಗ ನಿರ್ಮೂಲನೆಯ ರಾಷ್ಟ್ರೀಯ ಯೋಜನೆ ಆರಂಭವಾಯಿತು. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತ ನೋಡುವುದು ಅದರ ಗುರಿ. ತಮಿಳುನಾಡು, ಕೇರಳ, ಕರ್ನಾಟಕ ಮೂರೂ ಅದರೊಳಗಿವೆ. ಏಳು ಕೋಟಿ ಜನ ಎಂದರೆ ಏಳು ಕೋಟಿ ಸಾರಾಂಶಗಳು. ಪತ್ರಿಕೆಯಲ್ಲಿ ಬರೆಯುವ ವಿದ್ವಾಂಸನಿಗೂ ಹಾಡಿಯಲ್ಲಿ ಚೀಟಿ ತುಂಬುವ ನರ್ಸಮ್ಮನಿಗೂ ಈಗ ಒಂದೇ ಋಣ.

ಆ ತಂದೆಗೆ ಹೊಸ ಚೀಟಿಯನ್ನು ನಾನೇ ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನೇ ಮೊದಲು ಬರೆಯಬಹುದಿತ್ತಲ್ಲ, ಮೇಷ್ಟ್ರೇ" ಎಂದರು. ಕೋಪವಿರಲಿಲ್ಲ. ಮುರಿದ ಸಂಬಂಧದವರು ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ಬೇರೆ ಕಡೆ ಮದುವೆಯಾಯಿತು; ಹುಡುಗನ ರಕ್ತವನ್ನು ಮೊದಲೇ ನೋಡಿಸಿದ್ದರಂತೆ. ನನಗೂ ಕರೆಯಿತ್ತು, ಹೋಗಿ ಬಂದೆ.

ಕೊನೆಗೆ ಒಂದು ವಿನಂತಿ. ಈ ಸಂಚಿಕೆಯ ಎದುರು ಪುಟದ ಭಾಷೆಯಲ್ಲಿ ಈ ರೋಗಕ್ಕೆ 'ಅರಿವಾಳ್ ರೋಗಂ' ಎನ್ನುತ್ತಾರೆ. ನಮ್ಮ ಕುಡುಗೋಲೇ ಅಲ್ಲಿ ಅರಿವಾಳ್. 'ಲಕ್ಷಣಂ' ಎಂಬ ಪದವೂ ಅಲ್ಲಿದೆ, ಅದೇ ರೋಗದ ಗುರುತು ಎಂಬ ಅರ್ಥದಲ್ಲಿ. ವಯನಾಡಿನ ಯಾವುದಾದರೂ ಮನೆಗಾಗಿ ಇಂಥ ಚೀಟಿಯನ್ನು ಮಲೆಯಾಳಕ್ಕೆ ತಿರುಗಿಸುವ ಸ್ನೇಹಿತರು ಆ ಪದದ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲಲಿ. ನಾನು ನಿಲ್ಲಲಿಲ್ಲ.